ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ: ಓಡದ ವಾಷಿಂಗ್ ಮಷೀನಿನ ತಪಾಸಣೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿ ಮನೆಗಳಲ್ಲಿ ವಾಷಿಂಗ್ ಮಷೀನ್ ನಿಂತುಹೋದರೆ ಶಿವಮೊಗ್ಗದಿಂದ ಮೆಕ್ಯಾನಿಕ್‌ನನ್ನು ಕರೆಸಿಕೊಳ್ಳುವುದು ಸುಲಭದ ಮಾತಲ್ಲ. ಆಷಾಢದ ಮಳೆಯಲ್ಲಂತೂ ಕೇಳುವುದೇ ಬೇಡ. ನಮ್ಮ ಮಲೆನಾಡಿನಲ್ಲಿ ಇಂಥ ತೊಂದರೆಯ ಮೂಲ ಅನೇಕ ಸಲ ಯಂತ್ರಕ್ಕೆ ಬರುವ ಕರೆಂಟ್, ನೀರು ಹಾಗೂ ಅದು ನಿಂತಿರುವ ನೆಲದಲ್ಲೇ ಇರುವುದರಿಂದ, ತಪಾಸಣೆಯನ್ನು ಹೊರಗಿನಿಂದ ಆರಂಭಿಸುವುದು ಲೇಸು.

ಗುಂಡಿ ಒತ್ತಿದರೂ ಯಂತ್ರ ಮಿಸುಕದಿದ್ದರೆ ಅದೇ ಸಾಕೆಟ್‌ಗೆ ಬೇರೊಂದು ಉಪಕರಣವನ್ನು ಹಾಕಿ ನೋಡಿ. ದೀಪಗಳು ಹೊತ್ತಿಯೂ ಡ್ರಮ್ ತಿರುಗದಿದ್ದರೆ ಬಾಗಿಲು ‘ಕ್ಲಿಕ್’ ಎಂದು ಮುಚ್ಚಿಕೊಂಡಿದೆಯೇ, ಚೈಲ್ಡ್ ಲಾಕ್ ಬಿದ್ದಿದೆಯೇ ಎಂಬುದನ್ನು ಗಮನಿಸಿ. ನಡುವೆ ನಿಂತುಹೋಗುತ್ತಿದ್ದರೆ ವೋಲ್ಟೇಜ್ ಮೇಲೆ ಅನುಮಾನ ಪಡಬೇಕು. 230 ಇರಬೇಕಾದ ವೋಲ್ಟೇಜ್ ತೋಟದ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಬಹಳ ಕೆಳಗಿಳಿದರೆ ಯಂತ್ರ ತಾನಾಗಿಯೇ ಕೆಲಸ ನಿಲ್ಲಿಸಬಹುದು. ನೀರು ಕಾಯಿಸುವ ಯಂತ್ರವಾದರೆ ಒಮ್ಮೆ ತಣ್ಣೀರಿನ ಕ್ರಮದಲ್ಲಿ ಓಡಿಸಿ. ಆಗ ಸರಾಗವಾಗಿ ಓಡಿ, ಬಿಸಿನೀರಿಗೆ ಹೊಂದಿಸಿದಾಗ ಮಾತ್ರ ನಿಂತರೆ, ಸುಮಾರು 2000 ವಾಟ್ ಎಳೆಯುವ ಹೀಟರನ್ನಾಗಲಿ ಅದರ ಭಾರ ತಾಳದ ಮನೆಯ ವೈರಿಂಗನ್ನಾಗಲಿ ಪರೀಕ್ಷೆ ಮಾಡಿಸಬೇಕು.

ನೀರಿನ ವಿಷಯಕ್ಕೆ ಹೆಚ್ಚು ತಾಳ್ಮೆ ಬೇಕು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಮಳೆಗಾಲದಲ್ಲಿ ಕೆಂಪಾಗಿ, ಹೂಳನ್ನೂ ತರಗೆಲೆಯ ಚೂರನ್ನೂ ಹೊತ್ತು ತರುತ್ತದೆ; ಅದೆಲ್ಲ ಬಂದು ಸೇರುವುದು ಯಂತ್ರದ ಹಿಂಬದಿಯಲ್ಲಿ ನೀರಿನ ಪೈಪು ಕೂಡುವಲ್ಲಿರುವ ಪುಟ್ಟ ಜಾಲರಿಯಲ್ಲಿ. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಪೈಪನ್ನು ಬಿಚ್ಚಿ, ಜಾಲರಿಯನ್ನು ಮೆಲ್ಲನೆ ಹೊರಗೆಳೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಜಾಲರಿ ಶುದ್ಧವಿದ್ದೂ ನೀರು ನಿಧಾನವಾಗಿ ತುಂಬಿದರೆ ಒತ್ತಡ ಸಾಲದಿರಬಹುದು. ಅನೇಕ ಯಂತ್ರಗಳಿಗೆ ಕನಿಷ್ಠ 0.3 ಬಾರ್ ಒತ್ತಡ ಬೇಕು. ಎಂದರೆ ಟ್ಯಾಂಕಿನ ನೀರು ಯಂತ್ರದ ನಲ್ಲಿಗಿಂತ ಸುಮಾರು 3 ಮೀಟರ್ ಎತ್ತರದಲ್ಲಿರಬೇಕು. ಹೆಂಚಿನ ಮನೆಯ ಹಿತ್ತಲಿನಲ್ಲಿ ಗಿಡ್ಡ ಕಟ್ಟೆಯ ಮೇಲೆ ಟ್ಯಾಂಕ್ ಇಟ್ಟವರು ಇದನ್ನು ಅಳೆದು ನೋಡಬೇಕು.

ನೀರು ಎಷ್ಟು ಹೊತ್ತಾದರೂ ತುಂಬದೆ ಹರಿಯುತ್ತಲೇ ಇದ್ದರೆ ಹೊರಹೋಗುವ ಪೈಪಿನತ್ತ ನೋಡಿ. ಫ್ರಂಟ್ ಲೋಡ್ ಯಂತ್ರದ ಪೈಪಿನ ತುದಿಯನ್ನು ಬಚ್ಚಲಿನ ನೆಲಕ್ಕೆ ಬಿಟ್ಟರೆ ತುಂಬಿದ ನೀರೆಲ್ಲ ತಾನಾಗಿ ಹೊರಗೆ ಸೋರಿಹೋಗಬಹುದು. ಅದನ್ನು ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಬೇಕು. ಪಂಪ್ ಇಲ್ಲದ ಟಾಪ್ ಲೋಡ್ ಯಂತ್ರಕ್ಕೆ ಇದರ ವಿರುದ್ಧ ನಿಯಮ: ಪೈಪನ್ನು ಮೇಲೆತ್ತಿದರೆ ನೀರು ಹೊರಹೋಗುವುದೇ ಇಲ್ಲ.

ಫ್ರಂಟ್ ಲೋಡ್‌ನಲ್ಲಿ ನೀರು ಒಳಗೇ ನಿಂತರೆ ಪ್ಲಗ್ ಕಿತ್ತು, ನೀರು ತಣ್ಣಗಾದ ಮೇಲೆ, ಕೆಳಗಿನ ಪುಟ್ಟ ಮುಚ್ಚಳದ ಹಿಂದಿರುವ ಪಂಪ್ ಫಿಲ್ಟರನ್ನು ಎಡಕ್ಕೆ ತಿರುಗಿಸಿ ತೆಗೆಯಿರಿ. ಅದರ ಕೆಳಗೆ ತಟ್ಟೆಯೊಂದನ್ನಿಡಲು ಮರೆಯಬೇಡಿ. ನಾಣ್ಯ, ಗುಂಡಿ, ಕೊಯ್ಲಿನ ಕಾಲವಾದರೆ ಕಿಸೆಯಲ್ಲಿ ಉಳಿದ ಅಡಿಕೆ ಚೂರು, ಎಲ್ಲವೂ ಅಲ್ಲಿ ಸಿಗುತ್ತವೆ.

ಹಿಂಡುವ ಹಂತದಲ್ಲಿ ಯಂತ್ರ ಕುಣಿದರೆ ಒಂದೇ ದಪ್ಪ ಹೊದಿಕೆಯನ್ನು ಹಾಕಿದ್ದೀರಾ ನೋಡಿ. ನೀರು ಕುಡಿದ ಹೊದಿಕೆ ಡ್ರಮ್‌ನ ಒಂದು ಬದಿಗೆ ಮುದ್ದೆಯಾಗಿ ಕೂರುತ್ತದೆ. ಬಚ್ಚಲ ನೆಲವಂತೂ ನೀರು ಹರಿಯಲೆಂದೇ ಇಳಿಜಾರಾಗಿರುವುದರಿಂದ ರಸಮಟ್ಟ ಇಟ್ಟು ಕಾಲುಗಳನ್ನು ಸರಿಹೊಂದಿಸಿ, ಅವು ಸಡಿಲವಾಗದಂತೆ ಹಿಡಿಯುವ ಲಾಕ್‌ನಟ್ ಬಿಗಿಮಾಡಬೇಕು. ಹೊಸ ಫ್ರಂಟ್ ಲೋಡ್ ಯಂತ್ರವಾದರೆ ಸಾಗಣೆಯ ವೇಳೆ ಡ್ರಮ್ ಅಲುಗದಂತೆ ಹಾಕಿರುವ ಬೋಲ್ಟ್‌ಗಳನ್ನು ತೆಗೆದಿರುವುದನ್ನು ಖಚಿತಪಡಿಸಿಕೊಳ್ಳಿ.

ಇಲಿ ವೈರು ಕಡಿದಿದ್ದರೆ, ಸಿಡಿಲಿನ ನಂತರ ಯಂತ್ರ ಸತ್ತಂತಿದ್ದರೆ, ಸುಟ್ಟ ವಾಸನೆ ಬಂದರೆ ಅಥವಾ ಮುಟ್ಟಿದಾಗ ಶಾಕ್ ಹೊಡೆದರೆ ಸ್ವಂತ ರಿಪೇರಿ ಸಲ್ಲದು. ಮೊದಲು ಮೇನ್ ಆರಿಸಿ, ಆಮೇಲೆ ಪ್ಲಗ್ ಕೀಳಿರಿ. ಶಾಕ್ ಇದ್ದಲ್ಲಿ ಮನೆಯ ಅರ್ತಿಂಗನ್ನೂ ಎಲೆಕ್ಟ್ರಿಷಿಯನ್‌ನಿಂದ ನೋಡಿಸಬೇಕು. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಮಾಡೆಲ್ ಸಂಖ್ಯೆ, ಪರದೆಯಲ್ಲಿ ಮೂಡಿದ ಎರರ್ ಕೋಡ್ ಮತ್ತು ಯಂತ್ರ ಯಾವ ಹಂತದಲ್ಲಿ ನಿಂತಿತೆಂಬುದನ್ನು ತಿಳಿಸಿದರೆ, ಬೇಕಾಗಬಹುದಾದ ಬಿಡಿಭಾಗವನ್ನು ಆತ ಮೊದಲ ಸಲವೇ ತರಬಲ್ಲ.