ಎಂಟರ್ ಒತ್ತುವ ಮೊದಲು ಸೀರಿಯಲ್ ನಂಬರ್

ಅವತ್ತು ಸಂಜೆ ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ಇನ್‌ಸ್ಟಾಲರ್ ಬರೆಯಬೇಕಿತ್ತು. ಐದು ನಿಮಿಷದ ಕೆಲಸ. ಬೆಳಿಗ್ಗೆಯೂ ಇದನ್ನೇ ಮಾಡಿದ್ದೆ. ಆಗ ಪೆನ್‌ಡ್ರೈವ್‌ಗೆ ಎಸ್‌ಡಿಬಿ ಅನ್ನುವ ಹೆಸರು ಬಂದಿತ್ತು. ಹಾಗಾಗಿ ಟರ್ಮಿನಲ್‌ನಲ್ಲಿ ಮೇಲಿನ ಬಾಣದ ಕೀ ಒತ್ತಿ ಬೆಳಗಿನ ಡಿಡಿ ಕಮಾಂಡನ್ನೇ (ಫೈಲನ್ನು ಡಿಸ್ಕ್ ಮೇಲೆ ನೇರವಾಗಿ ಬರೆಯುವ ಕಮಾಂಡ್) ವಾಪಸ್ ತಂದೆ. ಎಂಟರ್ ಒತ್ತಿದೆ. ನಡುವೆ ಬ್ಯಾಕಪ್ ಹಾರ್ಡ್ ಡಿಸ್ಕ್ ಸಿಕ್ಕಿಸಿ ಒಮ್ಮೆ ರೀಸ್ಟಾರ್ಟ್ ಮಾಡಿದ್ದು ನೆನಪಿಗೇ ಬರಲಿಲ್ಲ.

ಪೆನ್‌ಡ್ರೈವ್‌ನ ದೀಪ ಸುಮ್ನೆ ಉರಿಯುತ್ತಿತ್ತು. ಪಕ್ಕದಲ್ಲಿದ್ದ ಬ್ಯಾಕಪ್ ಡಿಸ್ಕ್‌ನ ದೀಪ ಮಾತ್ರ ಪಟಪಟ ಮಿನುಗುತ್ತಿತ್ತು. ಎದೆ ಧಸಕ್ ಅಂದಿತು. ಕಂಟ್ರೋಲ್ ಸಿ ಒತ್ತುವಷ್ಟರಲ್ಲಿ 1 ಜಿಬಿಗಿಂತ ಜಾಸ್ತಿ ಬರೆದಾಗಿತ್ತು.

ಪೂರ್ತಿ ಮುಳುಗಲಿಲ್ಲ. ಜಿಪಿಟಿ ಅನ್ನುವ ಪದ್ಧತಿ ತನ್ನ ಪಾರ್ಟಿಷನ್ ಟೇಬಲ್‌ನ (ಡಿಸ್ಕ್ ಯಾವ ಭಾಗಗಳಾಗಿ ಹಂಚಿದೆ ಅನ್ನುವ ಪಟ್ಟಿ) ಇನ್ನೊಂದು ಪ್ರತಿಯನ್ನು ಡಿಸ್ಕ್‌ನ ಕೊನೆಯಲ್ಲಿ ಇಟ್ಟಿರುತ್ತದೆ. ಫೈಲ್‌ಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಕೂಡ ಸೂಪರ್‌ಬ್ಲಾಕ್‌ನ (ತನ್ನ ಮೂಲ ವಿವರ) ನಕಲುಗಳನ್ನು ಡಿಸ್ಕ್ ತುಂಬ ಅಲ್ಲಲ್ಲಿ ಇಟ್ಟಿರುತ್ತದೆ. ಎರಡು ರಾತ್ರಿ ಕೂತು ಬಹುಪಾಲು ಫೈಲ್ ವಾಪಸ್ ತೆಗೆದೆ. ಆದರೆ ಸುಮಾರು ಫೈಲ್‌ಗಳ ಹೆಸರೇ ಹೋಗಿತ್ತು. ಫೈಲ್‌ಸಿಸ್ಟಮ್ ರಿಪೇರಿ ಮಾಡಿದಾಗ ಅವೆಲ್ಲ ಲಾಸ್ಟ್ ಅಂಡ್ ಫೌಂಡ್ ಫೋಲ್ಡರ್‌ಗೆ ಬರೀ ನಂಬರ್‌ಗಳಾಗಿ ಬಂದು ಬಿದ್ದವು. ಒಂದೊಂದನ್ನೇ ತೆರೆದು ನೋಡಿ ಹೆಸರಿಟ್ಟೆ. ಅವತ್ತಿನಿಂದ ಡಿಸ್ಕ್ ಮುಟ್ಟುವ ಯಾವ ಕೆಲಸಕ್ಕೂ ನನಗೆ ಒಂದೇ ಗುರುತು: ಡಿಸ್ಕ್‌ನ ಸೀರಿಯಲ್ ನಂಬರ್.

ಎಸ್‌ಡಿಎ, ಎಸ್‌ಡಿಬಿ ಅನ್ನುವುದು ಸರತಿಯಲ್ಲಿ ನಿಂತಾಗ ಸಿಗುವ ಟೋಕನ್ ಇದ್ದ ಹಾಗೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಯಾವ ಡಿಸ್ಕ್ ಮೊದಲು ಕಾಣಿಸಿತೋ ಅದಕ್ಕೆ ಎ, ಮುಂದಿನದಕ್ಕೆ ಬಿ. ಮುಂದಿನ ಸಲ ಬೂಟ್ ಮಾಡಿದಾಗ ಒಂದು ಡಿಸ್ಕ್ ಎದ್ದೇಳುವುದು ಸ್ವಲ್ಪ ತಡವಾದರೂ ಸಾಕು, ಅಕ್ಷರ ಅದಲುಬದಲಾಗಬಹುದು. ಹಳೆಯ ಐಡಿಇ ಕೇಬಲ್‌ನ ಡಿಸ್ಕ್‌ಗಳ ಕಾಲದಲ್ಲಿ ಹೀಗಿರಲಿಲ್ಲ. ಎಚ್‌ಡಿಎ ಅಂದರೆ ಮೊದಲ ಕೇಬಲ್‌ನ ಮಾಸ್ಟರ್ (ಮೊದಲ ಡಿಸ್ಕ್), ಎಚ್‌ಡಿಸಿ ಅಂದರೆ ಎರಡನೇ ಕೇಬಲ್‌ನ ಮಾಸ್ಟರ್. ಹೆಸರು ನೋಡಿದರೆ ಜಾಗ ಗೊತ್ತಾಗುತ್ತಿತ್ತು. ಆಗ ಕಲಿತವರಿಗೆ ಅಕ್ಷರವನ್ನು ನಂಬುವ ಅಭ್ಯಾಸ ಇನ್ನೂ ಹೋಗಿಲ್ಲ. ನನಗೂ ಅದೇ ಆಗಿತ್ತು.

ಎನ್‌ವಿಎಂಇ, ಅಂದರೆ ಈಗಿನ ವೇಗದ ಎಸ್‌ಎಸ್‌ಡಿ ಡಿಸ್ಕ್‌ಗಳ ಹೆಸರು ಬೇರೆ ಥರ. ಎನ್‌ವಿಎಂಇ0ಎನ್1 ಅಂದರೆ 0ನೇ ಕಂಟ್ರೋಲರ್ (ಡಿಸ್ಕ್ ನಡೆಸುವ ಚಿಪ್), 1ನೇ ನೇಮ್‌ಸ್ಪೇಸ್ (ಅದರ ಜಾಗದ ಒಂದು ಭಾಗ). ಕೊನೆಯಲ್ಲಿ ಪಿ1, ಪಿ2 ಬಂದರೆ ಅದು ಪಾರ್ಟಿಷನ್. ಅಲ್ಲಿಯೂ ಎರಡು ಎನ್‌ವಿಎಂಇ ಹಾಕಿದರೆ 0 ಮತ್ತು 1 ಜಾಗ ಬದಲಿಸಿಕೊಳ್ಳಬಹುದು. ಮೆಮೊರಿ ಕಾರ್ಡ್ ಮತ್ತು ಇಎಂಎಂಸಿ (ಬೋರ್ಡ್‌ಗೇ ಬೆಸೆದ ಮೆಮೊರಿ) ಎಂಎಂಸಿಬಿಎಲ್‌ಕೆ ಅಂತ ಬರುತ್ತವೆ, ವರ್ಚುವಲ್ ಮೆಷಿನ್‌ನಲ್ಲಿ ವಿಡಿಎ. ಇಷ್ಟು ಗೊತ್ತಿದ್ದರೆ ಹೆಸರು ನೋಡಿ ಗಾಬರಿ ಆಗುವುದಿಲ್ಲ.

ಲೈವ್ ಯುಎಸ್‌ಬಿಯಿಂದ (ಲಿನಕ್ಸನ್ನೇ ಹೊತ್ತ ಪೆನ್‌ಡ್ರೈವ್) ಬೂಟ್ ಆದ ತಕ್ಷಣ ನಾನು ಹೊಡೆಯುವ ಮೊದಲ ಕಮಾಂಡ್ ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ. ಬರೀ ಅಷ್ಟೇ ಹೊಡೆದರೆ ಹೆಸರು, ಸೈಜ್‌ನಂಥ ಕೆಲವೇ ವಿವರ ಬರುತ್ತದೆ, ಅದು ಸಾಲದು. ಓ ಆಯ್ಕೆ ಕೊಟ್ಟು ನನಗೆ ಬೇಕಾದ ಕಾಲಂಗಳನ್ನು ಕೇಳುತ್ತೇನೆ: ನೇಮ್, ಸೈಜ್, ಮಾಡೆಲ್, ಸೀರಿಯಲ್, ಟ್ರಾನ್, ಎಫ್‌ಎಸ್‌ಟೈಪ್, ಲೇಬಲ್, ಮೌಂಟ್‌ಪಾಯಿಂಟ್. ಇದರಲ್ಲಿ ಟ್ರಾನ್ ಅನ್ನುವುದು ತುಂಬ ಉಪಯೋಗದ ಕಾಲಂ. ಡಿಸ್ಕ್ ಯಾವ ದಾರಿಯಲ್ಲಿ ಸೇರಿಕೊಂಡಿದೆ ಅಂತ ಹೇಳುತ್ತದೆ: ಸಾಟಾ, ಯುಎಸ್‌ಬಿ ಅಥವಾ ಎನ್‌ವಿಎಂಇ. ಯುಎಸ್‌ಬಿ ಅಂತ ಇರುವುದನ್ನು ಪಕ್ಕಕ್ಕಿಟ್ಟರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ನಾವು ಬೂಟ್ ಮಾಡಿದ ಪೆನ್‌ಡ್ರೈವ್ ಕೂಡ ಪಟ್ಟಿಯಲ್ಲಿ ಇರುತ್ತದೆ ಅನ್ನುವುದನ್ನು ಮರೆಯಬಾರದು. ಎನ್‌ವಿಎಂಇ ಮಾತ್ರ ಇರುವ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಆ ಪೆನ್‌ಡ್ರೈವೇ ಎಸ್‌ಡಿಎ. ಐಎಸ್‌ಒ9660 ಅನ್ನುವ ಫೈಲ್‌ಸಿಸ್ಟಮ್ ಕಂಡರೆ ಅದೇ ಇನ್‌ಸ್ಟಾಲರ್ ಅಂತ ತಿಳಿಯಬಹುದು.

ಸೈಜ್ ನೋಡಿ ಗುರುತು ಹಿಡಿಯುವವರಿಗೆ ಒಂದು ಮಾತು. ಡಿಸ್ಕ್ ಮೇಲೆ 1 ಟಿಬಿ ಅಂತ ಇದ್ದರೆ ಎಲ್‌ಎಸ್‌ಬಿಎಲ್‌ಕೆ 931.5 ಜಿ ತೋರಿಸುತ್ತದೆ. 500 ಜಿಬಿಯದ್ದು 465.8 ಆಗುತ್ತದೆ. ಕಂಪನಿಗಳು ಸಾವಿರದ ಲೆಕ್ಕ ಹಾಕುತ್ತವೆ, ಈ ಕಮಾಂಡ್ 1024ರ ಲೆಕ್ಕ ಹಾಕುತ್ತದೆ. ಜಾಗ ಕಳೆದುಹೋಗಿಲ್ಲ, ಡಿಸ್ಕ್ ನಕಲಿಯೂ ಅಲ್ಲ.

ಇನ್ನೂ ಅನುಮಾನ ಇದ್ದರೆ ಕಿತ್ತು ಹಾಕಿ ನೋಡುತ್ತೇನೆ. ಒಂದು ಟರ್ಮಿನಲ್‌ನಲ್ಲಿ ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್ (dmesg) ಕಮಾಂಡನ್ನು ಡಬ್ಲ್ಯೂ ಆಯ್ಕೆ ಕೊಟ್ಟು ಓಡಲು ಬಿಡುತ್ತೇನೆ. ಆಮೇಲೆ ಯುಎಸ್‌ಬಿ ಡ್ರೈವ್ ಸಿಕ್ಕಿಸುತ್ತೇನೆ. ಕಣ್ಣೆದುರೇ ಹೊಸ ಸಾಲುಗಳು ಬರುತ್ತವೆ. ಅದರಲ್ಲಿ ಕಂಡ ಹೆಸರೇ ಆ ಡ್ರೈವ್‌ನದ್ದು. ಹೊಸದಾಗಿ ಕಲಿಯುವವರಿಗೆ ನಾನು ಮೊದಲು ತೋರಿಸುವುದೇ ಇದನ್ನು. ಕೈಯಲ್ಲಿರುವ ವಸ್ತುವಿಗೂ ಪರದೆ ಮೇಲಿನ ಹೆಸರಿಗೂ ಇರುವ ನಂಟು ತಟ್ಟನೆ ಅರ್ಥವಾಗುತ್ತದೆ.

ನಿಜವಾದ ಕಷ್ಟ ಬರುವುದು ಒಂದೇ ಮಾಡೆಲ್‌ನ, ಒಂದೇ ಸೈಜ್‌ನ ಎರಡು ಡಿಸ್ಕ್ ಇದ್ದಾಗ. ಒಬ್ಬ ಸ್ನೇಹಿತರ ಮೆಷಿನ್‌ನಲ್ಲಿ ಹಾಗೇ ಇತ್ತು. 2 ಟಿಬಿಯ ಎರಡು ಸಾಟಾ ಡಿಸ್ಕ್, ಎರಡನ್ನೂ ಸೇರಿಸಿ ರೈಡ್ 1, ಅಂದರೆ ಒಂದರಲ್ಲಿ ಇರುವುದೇ ಇನ್ನೊಂದರಲ್ಲೂ. ಒಂದು ಡಿಸ್ಕ್ ಕೆಟ್ಟು ರೈಡ್‌ನಿಂದ ಹೊರಬಿದ್ದಿತ್ತು. ರೈಡ್‌ನ ಸ್ಥಿತಿ ತೋರಿಸುವ ಎಂಡಿಸ್ಟಾಟ್ ಫೈಲ್‌ನಲ್ಲಿ ಎರಡು ಯು ಇರಬೇಕಾದ ಕಡೆ ಒಂದು ಯು, ಒಂದು ಅಡಿಗೆರೆ ಕಾಣಿಸುತ್ತಿತ್ತು.

"ಎಸ್‌ಡಿಎ ಹೋಗಿದೆ ಸರ್, ಬರೆದಿಟ್ಟಿದ್ದೀನಿ ನೋಡಿ. ಅದನ್ನ ತೆಗೆದು ಹೊಸದು ಹಾಕಿದ್ರೆ ಆಯ್ತು ಅಲ್ವಾ?" ಅಂತ ಅವರು ಚೀಟಿ ಕೊಟ್ಟರು.

"ಯಾವಾಗ ಬರೆದಿದ್ದು?" ಅಂತ ಕೇಳಿದೆ.

"ಹೋದ ವಾರ. ಆಮೇಲೆ ಎರಡ್ಮೂರು ಸಲ ಆಫ್ ಮಾಡಿ ಆನ್ ಮಾಡಿದೀನಿ."

ಅಂದರೆ ಆ ಚೀಟಿಯಲ್ಲಿದ್ದ ಹೆಸರಿಗೆ ಈಗ ಬೆಲೆ ಇಲ್ಲ. ಇಲ್ಲಿ ತಪ್ಪು ಡಿಸ್ಕ್ ಕಿತ್ತರೆ ಉಳಿಯುವುದು ಕೆಟ್ಟ ಡಿಸ್ಕ್ ಒಂದೇ. ತಪ್ಪು ಡಿಸ್ಕ್ ಅಳಿಸಿದರೆ ಅವರ ಎಲ್ಲ ಕೆಲಸವೂ ಹೋದಂತೆ.

ಮೊದಲು ಕರ್ನಲ್ ಸಂದೇಶ ನೋಡಿದೆ. ಓದಲು ಆಗುತ್ತಿಲ್ಲ ಅನ್ನುವ ದೂರು ಎಟಿಎ3 ಅನ್ನುವ ಹೆಸರಿನಲ್ಲಿ ಬರುತ್ತಿತ್ತು. ಇದು ಡಿಸ್ಕ್‌ನ ಹೆಸರಲ್ಲ, ಕಂಟ್ರೋಲರ್‌ನ ಪೋರ್ಟ್ ನಂಬರ್. ಎಟಿಎ3ರಲ್ಲಿ ಕೂತಿರುವವರು ಯಾರು ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಕರ್ನಲ್ ತನ್ನ ಮಾಹಿತಿ ತೋರಿಸುವ ಸಿಸ್ (/sys) ಒಳಗಿನ ಬ್ಲಾಕ್ ಫೋಲ್ಡರ್‌ನಲ್ಲಿ ಪ್ರತಿ ಡಿಸ್ಕ್‌ಗೂ ಒಂದು ಲಿಂಕ್ ಇರುತ್ತದೆ. ಎಲ್‌ಎಸ್ ಕಮಾಂಡ್‌ಗೆ ಎಲ್ ಆಯ್ಕೆ ಕೊಟ್ಟು ನೋಡಿದರೆ ಆ ಲಿಂಕ್ ಹೋಗುವ ಪೂರ್ತಿ ದಾರಿ ಕಾಣುತ್ತದೆ, ಅದರ ನಡುವೆ ಎಟಿಎ ನಂಬರ್ ಕೂಡ ಇರುತ್ತದೆ. ಅವತ್ತು ಎಟಿಎ3 ಇದ್ದದ್ದು ಎಸ್‌ಡಿಬಿಯ ದಾರಿಯಲ್ಲಿ. ಚೀಟಿಯಲ್ಲಿ ಇದ್ದದ್ದು ಎಸ್‌ಡಿಎ.

ಒಂದೇ ಸಾಕ್ಷಿ ನಂಬಿ ಡಿಸ್ಕ್ ಕೀಳುವುದಿಲ್ಲ. ಸ್ಮಾರ್ಟ್‌ಸಿಟಿಎಲ್ ಕಮಾಂಡ್‌ನಿಂದ ಎರಡೂ ಡಿಸ್ಕ್‌ಗಳ ಸೀರಿಯಲ್ ನಂಬರ್ ಮತ್ತು ಆರೋಗ್ಯ ಎರಡನ್ನೂ ತೆಗೆದೆ. ಎಸ್‌ಡಿಬಿಯಲ್ಲಿ ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಉಳಿದ ಜಾಗಗಳು) ಅನ್ನುವ 197ನೇ ಸಾಲು ಏರಿ ಕೂತಿತ್ತು. ಎಸ್‌ಡಿಎಯಲ್ಲಿ ಅದು 0. ಎರಡೂ ಸಾಕ್ಷಿ ಹೊಂದಿದವು. ಎಸ್‌ಡಿಬಿಯ ಸೀರಿಯಲ್‌ನ ಕೊನೆಯ 4 ಅಕ್ಷರ ಕಾಗದದ ಮೇಲೆ ಬರೆದುಕೊಂಡೆ. ಅದೇ ಚೀಟಿಯ ಹಿಂದೆ.

ಮೆಷಿನ್ ಆಫ್ ಮಾಡಿ, ಬಾಗಿಲು ತೆಗೆದು, ಟಾರ್ಚ್ ಹಿಡಿದು ನೋಡಿದೆ. ಡಿಸ್ಕ್ ಮೇಲಿನ ಸ್ಟಿಕ್ಕರ್ ಬೇ, ಅಂದರೆ ಡಿಸ್ಕ್ ಕೂರುವ ಗೂಡಿನ ಒಳಗೆ ಅಡಗಿತ್ತು. ಸ್ಕ್ರೂ ಬಿಚ್ಚಿ ಅರ್ಧ ಎಳೆದಾಗ ಮಾತ್ರ ನಂಬರ್ ಕಂಡಿತು. ಸ್ನೇಹಿತರು ಗಟ್ಟಿಯಾಗಿ ಓದಿದರು, ನಾನು ಚೀಟಿಯಲ್ಲಿ ಬೆರಳಿಟ್ಟು ನೋಡಿದೆ. ನಾಲ್ಕೂ ಅಕ್ಷರ ಸರಿಹೊಂದಿದ ಮೇಲೆ ಕಿತ್ತೆ. ಇನ್ನೊಂದು ಡಿಸ್ಕ್‌ನ ನಂಬರನ್ನೂ ಓದಿಸಿದೆ. ಒಬ್ಬರು ಓದಿ ಇನ್ನೊಬ್ಬರು ಒಪ್ಪುವುದು ಬಹಳ ಒಳ್ಳೆಯ ಪದ್ಧತಿ. ದಣಿದ ಕಣ್ಣಿಗೆ 8 ಮತ್ತು ಬಿ ಒಂದೇ ಥರ ಕಾಣುತ್ತವೆ.

ಹೊಸ ಡಿಸ್ಕ್ ಹಾಕಿದ ಮೇಲೆ ಇನ್ನೊಂದು ಅಪಾಯದ ಹೆಜ್ಜೆ ಇದೆ. ಒಳ್ಳೆಯ ಡಿಸ್ಕ್‌ನ ಪಾರ್ಟಿಷನ್ ಟೇಬಲನ್ನು ಹೊಸದಕ್ಕೆ ನಕಲು ಮಾಡಬೇಕು. ಎಸ್‌ಜಿಡಿಸ್ಕ್ ಕಮಾಂಡ್‌ನ ಆರ್ ಆಯ್ಕೆಯಲ್ಲಿ ಮೊದಲು ಬರೆಯುವುದು ನಕಲು ಎಲ್ಲಿಗೆ ಹೋಗಬೇಕೋ ಆ ಡಿಸ್ಕ್. ಯಾವುದರಿಂದ ತೆಗೆದುಕೊಳ್ಳಬೇಕೋ ಅದು ಕೊನೆಗೆ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಆಗ ಒಳ್ಳೆಯ ಡಿಸ್ಕ್‌ನ ಮೇಲೆ ಖಾಲಿ ಟೇಬಲ್ ಬಂದು ಕೂರುತ್ತದೆ. ಕೆಟ್ಟ ಡಿಸ್ಕ್‌ನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂನಲ್ಲಿ ಇದಕ್ಕೆ ಉಲ್ಟಾ, ಅಲ್ಲಿ ಮೂಲ ಮೊದಲು, ಗುರಿ ಆಮೇಲೆ. ಇಂಥ ಕಡೆ ಎಸ್‌ಡಿಎ ಅಂತ ಟೈಪ್ ಮಾಡುವುದನ್ನು ನಾನು ಬಿಟ್ಟೇಬಿಟ್ಟೆ. ಡೆವ್ ಒಳಗಿನ ಡಿಸ್ಕ್ ಫೋಲ್ಡರ್‌ನಲ್ಲಿ ಬೈ-ಐಡಿ ಅಂತ ಇನ್ನೊಂದು ಫೋಲ್ಡರ್ ಇದೆ. ಅಲ್ಲಿ ಪ್ರತಿ ಡಿಸ್ಕ್‌ಗೂ ಮಾಡೆಲ್ ಮತ್ತು ಸೀರಿಯಲ್ ಸೇರಿಸಿದ ಉದ್ದನೆಯ ಹೆಸರು ಇರುತ್ತದೆ. ಕಮಾಂಡ್‌ನಲ್ಲಿ ಅದನ್ನೇ ಕೊಡುತ್ತೇನೆ. ಟ್ಯಾಬ್ ಒತ್ತಿದರೆ ತಾನೇ ತುಂಬಿಕೊಳ್ಳುತ್ತದೆ. ಹೆಸರು ಉದ್ದ, ನಿಜ. ಆದರೆ ಆ ಕಮಾಂಡ್ ಬೇರೆ ಡಿಸ್ಕ್‌ಗೆ ಹೋಗಿ ತಾಗುವುದಿಲ್ಲ. ಆ ಡಿಸ್ಕ್ ಇಲ್ಲದಿದ್ದರೆ ಅಂಥ ಹೆಸರೇ ಅಲ್ಲಿ ಇರುವುದಿಲ್ಲ.

ಇದರಲ್ಲೂ ಒಂದು ತೊಡಕಿದೆ. ಕೆಲವು ಯುಎಸ್‌ಬಿ ಎನ್‌ಕ್ಲೋಷರ್‌ಗಳು (ಡಿಸ್ಕ್ ಹಾಕುವ ಡಬ್ಬಿಗಳು) ಒಳಗಿನ ಡಿಸ್ಕ್‌ನ ನಂಬರ್ ಮುಚ್ಚಿಟ್ಟು ತಮ್ಮದೇ ನಂಬರ್ ಹೇಳುತ್ತವೆ. ಅಂಥ ಕಡೆ ಸ್ಮಾರ್ಟ್‌ಸಿಟಿಎಲ್‌ಗೆ ಡಿ ಆಯ್ಕೆಯಲ್ಲಿ ಸ್ಯಾಟ್ ಅಂತ ಕೊಟ್ಟರೆ ಎಷ್ಟೋ ಸಲ ಒಳಗಿನ ಡಿಸ್ಕ್ ನೇರವಾಗಿ ಮಾತಾಡುತ್ತದೆ. ಅದೂ ಆಗದಿದ್ದರೆ ಉಳಿದ ಯುಎಸ್‌ಬಿ ಡಿಸ್ಕ್‌ಗಳನ್ನೆಲ್ಲ ತೆಗೆದು ಒಂದನ್ನೇ ಇಟ್ಟು ಕೆಲಸ ಮಾಡುತ್ತೇನೆ.

ಬೂಟ್ ಆಗದ ಸಿಸ್ಟಮ್ ರಿಪೇರಿ ಮಾಡುವಾಗ ಪ್ರಶ್ನೆ ಸ್ವಲ್ಪ ಬೇರೆ. ಡಿಸ್ಕ್ ಯಾವುದು ಅಂತ ಗೊತ್ತಿದ್ದರೂ ಸಿಸ್ಟಮ್ ಇರುವ ರೂಟ್ ಪಾರ್ಟಿಷನ್ ಯಾವುದು ಅಂತ ಗೊತ್ತಿರುವುದಿಲ್ಲ. ಹಳೆಯದೊಂದು ಲಿನಕ್ಸ್, ಹೊಸದೊಂದು ಲಿನಕ್ಸ್ ಎರಡೂ ಇರುತ್ತವೆ. ನಾನು ಒಂದೊಂದನ್ನೇ ರೀಡ್-ಓನ್ಲಿ ಆಗಿ (ಬರೆಯದೆ, ಬರೀ ಓದಲು) ಮೌಂಟ್ ಮಾಡಿ ಇಟಿಸಿ ಒಳಗಿನ ಓಎಸ್-ರಿಲೀಸ್, ಹೋಸ್ಟ್‌ನೇಮ್, ಎಫ್‌ಎಸ್‌ಟ್ಯಾಬ್ (ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ) ಫೈಲ್ ಓದುತ್ತೇನೆ. ಮೂರು ಫೈಲ್ ಓದಿದರೆ ಪೂರ್ತಿ ಜಾತಕ ಸಿಗುತ್ತದೆ. ಡಿಸ್ಕ್ ಸಾಯುವ ಹಂತದಲ್ಲಿದ್ದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ಇಎಕ್ಸ್‌ಟಿ4ನಲ್ಲಿ ರೀಡ್-ಓನ್ಲಿ ಅಂದರೂ ಉಳಿದುಹೋದ ಜರ್ನಲ್ (ಅರ್ಧಕ್ಕೆ ನಿಂತ ಬರವಣಿಗೆಯ ದಾಖಲೆ) ಇದ್ದರೆ ಅದು ಡಿಸ್ಕ್‌ಗೆ ಬರೆಯುತ್ತದೆ. ಅದನ್ನು ತಡೆಯಲು ನೋಲೋಡ್ ಅನ್ನುವ ಆಯ್ಕೆ ಸೇರಿಸಬೇಕು. ಕ್ರಿಪ್ಟೊ ಲಕ್ಸ್ (ಬೀಗ ಹಾಕಿದ ಡೇಟಾ) ಅಥವಾ ಎಲ್‌ವಿಎಂ2 ಮೆಂಬರ್ (ಒಳಗೆ ಬೇರೆ ಭಾಗಗಳಿರುವ ಪಾರ್ಟಿಷನ್) ಅಂತ ಕಂಡರೆ ಪಾರ್ಟಿಷನ್ ಖಾಲಿ ಇದೆ ಅಂತ ತಿಳಿದು ಫಾರ್ಮ್ಯಾಟ್ ಮಾಡಬೇಡಿ. ಒಳಗೆ ಇಡೀ ಸಂಸಾರ ಇರುತ್ತದೆ.

ಕೆಲವು ಸಲ ಎಲ್‌ಎಸ್‌ಬಿಎಲ್‌ಕೆಯಲ್ಲಿ ಫೈಲ್‌ಸಿಸ್ಟಮ್ ಕಾಲಂ ಖಾಲಿ ಬರುತ್ತದೆ, ಅದರಲ್ಲೂ ಕ್ರೂಟ್ (ರಿಪೇರಿಗಾಗಿ ಡಿಸ್ಕ್‌ನಲ್ಲಿರುವ ಸಿಸ್ಟಮ್ ಹೊಕ್ಕ ಸ್ಥಿತಿ) ಒಳಗಿದ್ದಾಗ. ಅದು ಯುಡೆವ್ (ಸಾಧನಗಳ ಲೆಕ್ಕ ಇಡುವ ಸೇವೆ) ಸಂಗ್ರಹಿಸಿದ ಮಾಹಿತಿ ಓದುವ ಕಮಾಂಡ್. ಆ ಮಾಹಿತಿ ಸಿಗದಿದ್ದರೆ ಕೆಲವೊಮ್ಮೆ ಸುಮ್ಮನಾಗುತ್ತದೆ. ಆಗ ರೂಟ್ ಆಗಿ ಬ್ಲಾಕ್‌ಐಡಿ ಹೊಡೆಯುತ್ತೇನೆ, ಅದು ಡಿಸ್ಕನ್ನೇ ಓದಿ ಹೇಳುತ್ತದೆ.

ಸಿಸ್ಟಮ್ ಎದ್ದ ಮೇಲೆ ಎಫ್‌ಎಸ್‌ಟ್ಯಾಬ್‌ನಲ್ಲಿ ಅಕ್ಷರದ ಬದಲು ಯುಯುಐಡಿ (ಫಾರ್ಮ್ಯಾಟ್ ಮಾಡಿದಾಗ ಸಿಗುವ ಉದ್ದನೆಯ ಗುರುತು) ಹಾಕುವುದು ಎಲ್ಲರಿಗೂ ಗೊತ್ತಿರುವ ವಿಷಯ. ಈಗಿನ ಇನ್‌ಸ್ಟಾಲರ್‌ಗಳು ತಾವೇ ಹಾಕುತ್ತವೆ. ಆದರೆ ಯುಯುಐಡಿ ಫೈಲ್‌ಸಿಸ್ಟಮ್‌ಗೆ ಸೇರಿದ್ದು, ಡಿಸ್ಕ್‌ಗಲ್ಲ. ಮತ್ತೆ ಫಾರ್ಮ್ಯಾಟ್ ಮಾಡಿದರೆ ಹೊಸದು ಬರುತ್ತದೆ. ಆಗ ಬೂಟ್ ಆಗುವಾಗ ಸಿಸ್ಟಮ್‌ಡಿ (ಬೂಟ್ ನಡೆಸುವ ಪ್ರೋಗ್ರಾಂ) ಹಳೆಯ ಯುಯುಐಡಿಗಾಗಿ 90 ಸೆಕೆಂಡ್ ಕಾದು, ಸಿಗದೆ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಹೊರಗಿನ ಡೇಟಾ ಡಿಸ್ಕ್‌ಗೆ ನೋಫೇಲ್ ಅಂತ ಸೇರಿಸಿದ್ದರೆ ಈ ತಾಪತ್ರಯ ಇಲ್ಲ. ಇದಕ್ಕೆ ಉಲ್ಟಾ ಕಥೆ ಡಿಸ್ಕ್ ಕ್ಲೋನ್ ಮಾಡಿದಾಗ. ಎರಡು ಡಿಸ್ಕ್‌ಗೂ ಒಂದೇ ಯುಯುಐಡಿ. ಎರಡನ್ನೂ ಸಿಕ್ಕಿಸಿ ಬೂಟ್ ಮಾಡಿದರೆ ಯಾವುದು ಮೌಂಟ್ ಆಗುತ್ತದೆ ಅಂತ ಹೇಳಲು ಆಗುವುದಿಲ್ಲ. ಹೊಸದರಲ್ಲಿ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡು ದಿನವಿಡೀ ಹಳೆಯ ಡಿಸ್ಕ್‌ಗೆ ಬರೆದಿರುವುದೂ ಉಂಟು. ಕ್ಲೋನ್ ಮುಗಿದ ತಕ್ಷಣ ಹಳೆಯದನ್ನು ಕಿತ್ತಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಇನ್‌ಸ್ಟಾಲ್ ಮಾಡುವಾಗಲೂ ನಾನು ಅದನ್ನೇ ಮಾಡುತ್ತೇನೆ. ಆಗುವ ಕಡೆಯೆಲ್ಲ ಡೇಟಾ ಡಿಸ್ಕ್‌ನ ಕೇಬಲ್ ತೆಗೆದಿಡುತ್ತೇನೆ. ಪಟ್ಟಿಯಲ್ಲೇ ಇಲ್ಲದ ಡಿಸ್ಕನ್ನು ಯಾರೂ ಅಳಿಸಲಾರರು. ತೆಗೆಯಲು ಆಗದಿದ್ದರೆ ಬ್ಲಾಕ್‌ಡೆವ್ ಕಮಾಂಡ್‌ನಿಂದ ಅದನ್ನು ರೀಡ್-ಓನ್ಲಿ ಮಾಡಿಡುತ್ತೇನೆ. ರೀಬೂಟ್ ಆದರೆ ಅದು ಹೋಗುತ್ತದೆ, ಅಷ್ಟು ಹೊತ್ತಿಗೆ ಸಾಕು.

ನನ್ನ ಡಿಸ್ಕ್‌ಗಳ ಅಂಚಿನಲ್ಲಿ ಈಗ ಬಿಳಿ ಟೇಪ್ ಇದೆ. ಅದರ ಮೇಲೆ ಸೀರಿಯಲ್‌ನ ಕೊನೆಯ 4 ಅಕ್ಷರ, ಬೇ ಒಳಗಿದ್ದಾಗಲೂ ಕಾಣುವ ಹಾಗೆ. ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಬ್ಯಾಶ್‌ನ ಸೆಟ್ಟಿಂಗ್‌ನಲ್ಲಿ ಹಿಸ್ಟ್‌ಇಗ್ನೋರ್ ಅನ್ನುವ ಸಾಲು ಸೇರಿಸಿದ್ದೇನೆ. ಡಿಡಿ, ಎಂಕೆಎಫ್‌ಎಸ್, ವೈಪ್‌ಎಫ್‌ಎಸ್, ಡಿಸ್ಕ್ ಅಳಿಸಬಲ್ಲ ಇವುಗಳ ಮೊದಲು ಸುಡೊ (ಅಡ್ಮಿನ್ ಅಧಿಕಾರ ಕೊಡುವ ಪದ) ಇದ್ದರೂ ಇಲ್ಲದಿದ್ದರೂ ಹಿಸ್ಟರಿಯಲ್ಲಿ ಉಳಿಯುವುದಿಲ್ಲ. ಮೇಲಿನ ಬಾಣ ಎಷ್ಟು ಸಲ ಒತ್ತಿದರೂ ಹಳೆಯ ಡಿಡಿ ವಾಪಸ್ ಬರುವುದಿಲ್ಲ. ಪ್ರತಿ ಸಲವೂ ಹೊಸದಾಗಿ ನೋಡಿ, ಹೊಸದಾಗಿ ಟೈಪ್ ಮಾಡುತ್ತೇನೆ.