ಹಂಚಿನ ಒಳಮೈಯಲ್ಲಿ ಸಿಕ್ಕಿದ ಮುತ್ತಜ್ಜ

ದೊಡ್ಡಪ್ಪನಿಗೆ ಎಂಬತ್ತು ತುಂಬುವಾಗ ನಮ್ಮ ಹಂಚಿನ ಕಾರ್ಖಾನೆಯ ಕಥೆಯನ್ನು ಸಣ್ಣ ಪುಸ್ತಕ ಮಾಡಿ ಕೈಗೆ ಕೊಡೋಣ ಅಂತ ಹೊರಟೆ. ಒಂದು ತಿಂಗಳು ಸಾಕು ಅಂದುಕೊಂಡಿದ್ದೆ. ಪುಸ್ತಕ ಬರುವಾಗ ಅವರಿಗೆ ಎಂಬತ್ತೆರಡು.

ಮನೆಯಲ್ಲಿ ಎಲ್ಲರಿಗೂ ಕಥೆ ಬಾಯಿಪಾಠ. ಮುತ್ತಜ್ಜ ಮಂಗಳೂರು ಜೆಪ್ಪುವಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಬಾಸೆಲ್ ಮಿಷನ್ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಕೆಲಸ ಕಲಿತರಂತೆ, ಆಮೇಲೆ ನೇತ್ರಾವತಿ ದಡದಲ್ಲಿ ಸ್ವಂತ ಭಟ್ಟಿ ಕಟ್ಟಿದರಂತೆ. ಹಂಚಿನ ಕೆಲಸದಲ್ಲಿದ್ದ ಇನ್ನೂ ಮೂರು ಮನೆಯವರನ್ನು ಕೇಳಿದೆ. ಅವರದ್ದೂ ಇದೇ ಕಥೆ, ಮುತ್ತಜ್ಜ ಮಾತ್ರ ಬೇರೆ!

ಹೀಗೆ ಆಗಿರಲೂಬಹುದು ಬಿಡಿ. 1865ರಲ್ಲಿ ಮಿಷನ್ನಿನವರು ಇಲ್ಲಿ ಹಂಚು ಒತ್ತಲು ಶುರು ಮಾಡಿದರು. ಮೂರೇ ವರ್ಷಕ್ಕೆ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂತು. ಆಮೇಲೆ ಹೊಳೆ ಬದಿಯಲ್ಲಿ ಒಂದಾದ ಮೇಲೊಂದು ಚಿಮಣಿ ಎದ್ದವು. ಆವೆಮಣ್ಣು ಹತ್ತಿರವೇ ಸಿಗುತ್ತಿತ್ತು, ಬಂದರಿನಿಂದ ಮಂಜಿಯಲ್ಲಿ, ಅಂದರೆ ಹಾಯಿ ಹಡಗಿನಲ್ಲಿ, ಹಂಚು ಬೊಂಬಾಯಿಗೆ ಹೋಗುತ್ತಿತ್ತು.

ನಾನು ಮೊದಲು ಎಡವಿದ್ದು ಹಂಚಿನಲ್ಲೇ. ಹಳೇ ಮನೆಯ ಮಾಡಿನ ಕೆಳಗೆ ನಿಂತು ತಲೆ ಎತ್ತಿದರೆ ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಕಾಣುತ್ತದೆ, ಕೆಲವದರಲ್ಲಿ ವರ್ಷವೂ ಇರುತ್ತದೆ. ಅದು ಹಂಚು ಮಾಡಿದ ವರ್ಷ ಅಂತ ಪಟ್ಟಿ ಮಾಡುತ್ತಾ ಹೋದೆ. ಮಿಷನ್ ಹಂಚಿನಲ್ಲಿ ಎಲ್ಲಿ ನೋಡಿದರೂ 1865. ಆಮೇಲೆ ತಲೆಗೆ ಹೋಯಿತು, ಅದು ಕಾರ್ಖಾನೆ ಹುಟ್ಟಿದ ವರ್ಷ. ಅಚ್ಚು ಸವೆಯುವ ತನಕ ಅದನ್ನೇ ಒತ್ತುತ್ತಿದ್ದರು. ನಿಮ್ಮ ಮನೆ ಮಾಡಿನಲ್ಲಿ 1865 ಇದ್ದರೆ ಮನೆಗೆ ನೂರೈವತ್ತು ವರ್ಷ ಆಯಿತು ಅಂತ ಸುಮ್ನೆ ಹೇಳಿಕೊಂಡು ತಿರುಗಬೇಡಿ.

ಆಮೇಲೆ ಅಟ್ಟದ ಟ್ರಂಕು ಇಳಿಸಿದೆ. ರಸೀದಿಗಳಲ್ಲಿ ಅರ್ಧಕ್ಕರ್ಧ ತಾರೀಕು ಗೆದ್ದಲು ತಿಂದಿತ್ತು. ಆದರೂ ಕಾಗದ ಮಾತಾಡುತ್ತದೆ. ಆಣೆಯಲ್ಲಿ ಲೆಕ್ಕ ಇದ್ದರೆ ಸಾಮಾನ್ಯವಾಗಿ ಅದು 1957ರ ಏಪ್ರಿಲ್‌ಗಿಂತ ಮೊದಲಿನದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್‌ನಲ್ಲಿ, ಹಾಗಾಗಿ ಲೆಟರ್‌ಹೆಡ್ಡೂ ಒಂದು ಗುರುತು. ಆದರೆ ಅಜ್ಜ ಮಹಾ ಜಿಪುಣ. ಹಳೇ ಕಾಗದ ಮುಗಿಯುವ ತನಕ 'ಮದ್ರಾಸ್' ಅನ್ನುವುದರ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆದು 'ಮೈಸೂರು' ಅಂತ ಬರೆದು ಕಳಿಸಿದ್ದಾರೆ.

ಟ್ರಂಕಿನ ತಳದಲ್ಲಿ ಎರಡು ಲೆಡ್ಜರ್ ಇದ್ದವು. ಒಂದರ ಮೇಲೆ ನಮ್ಮ ಮನೆಯ ಹೆಸರು, ಇನ್ನೊಂದರ ಮೇಲೆ ಬೇರೆಯವರ ಹೆಸರು. ಅದು ಇಲ್ಲಿಗೆ ಹೇಗೆ ಬಂತು ಅಂತ ತಿರುವುತ್ತಾ ಕೂತೆ. ಎರಡರಲ್ಲೂ '೫' ಒಂದೇ ಥರ, ಬಾಲ ಕೆಳಗಿನ ಸಾಲಿಗೆ ತಾಗುವ ಹಾಗೆ. 'ಬಾಕಿ' ಅನ್ನುವಾಗ 'ಕಿ'ಯ ಗುಡಿಸೂ ಅದೇ ಸುತ್ತು. ಎರಡೂ ಮುತ್ತಜ್ಜನ ಕೈಬರಹ. ಅವರು ಮಣ್ಣು ಹೊತ್ತವರೇ ಅಲ್ಲ. ಇನ್ನೊಬ್ಬರ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಧಣಿ ಸಾಲದಲ್ಲಿ ಮುಳುಗಿದಾಗ ಕಾರ್ಖಾನೆಯನ್ನು ಸಾಲದ ಸಮೇತ ವಹಿಸಿಕೊಂಡಿದ್ದಾರೆ. ಭಟ್ಟಿ ಕಟ್ಟಿದ್ದು ಬೇರೆಯವರು.

ಕಾಗದದಲ್ಲಿ ಇಲ್ಲದ್ದನ್ನು ಹೇಳಿದ್ದು ಹಂಚು ಜೋಡಿಸುತ್ತಿದ್ದ ಒಬ್ಬರು ಅಕ್ಕ. ಈಗ ಅವರಿಗೆ ಕಣ್ಣು ಮಂಜು. ನಾನು ಕೊಟ್ಟ ಹಂಚನ್ನು ಗೆಣ್ಣಿನಿಂದ ಒಂದು ಸಲ ತಟ್ಟಿದರು. ಠಣ್ ಅಂತು. "ಇದು ಚೆನ್ನಾಗಿ ಬೆಂದದ್ದು, ಭಟ್ಟಿಯ ನಡುವಿನದು" ಅಂದರು. ಇಸವಿ ಕೇಳಿದರೆ ಗೊತ್ತಿಲ್ಲ. ನೆರೆಯ ಲೆಕ್ಕ ಮಾತ್ರ ಪಕ್ಕಾ. "ದೊಡ್ಡ ನೆರೆ ಬಂದ ವರ್ಷ ನನ್ನ ಮದುವೆ. ಆಗಲೂ ಹಂಚು ಒತ್ತುವ ಪ್ರೆಸ್ಸು ಕೈಯಲ್ಲೇ ತಿರುಗಿಸುವುದು. ಮೋಟರು ಹಾಕಿಸಿದ್ದು ಆಮೇಲೆ, ನಿಮ್ಮ ಅಪ್ಪ." ದೊಡ್ಡ ನೆರೆ ಅಂದರೆ 1974. ಮನೆಯ ಕಥೆಯಲ್ಲಿ ಮೋಟರು ತಂದದ್ದು ದೊಡ್ಡಪ್ಪ, ಅದೂ ಹತ್ತು ವರ್ಷ ಮೊದಲೇ!

ಕಾರ್ಖಾನೆ ಮುಚ್ಚಿದ ಕಥೆಗೆ ಜಾಸ್ತಿ ಪುಟ ಹಿಡಿಯಲಿಲ್ಲ. ಎಲ್ಲರಿಗೂ ತಾರಸಿ ಮನೆ ಬೇಕಾಯಿತು, ಸೌದೆ ತುಟ್ಟಿಯಾಯಿತು, ಮಣ್ಣು ಸಿಗುವುದು ಕಷ್ಟವಾಯಿತು. ಅಪ್ಪ ಬೆಂಕಿ ಆರಿಸಿದರು.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ದೊಡ್ಡಪ್ಪನಿಗೆ ಓದಿ ಹೇಳಿದೆ. ಮೋಟರಿನ ವಿಷಯಕ್ಕೆ ನಕ್ಕರು. ಮುತ್ತಜ್ಜನ ಪುಟಕ್ಕೆ ಮಾತ್ರ ಮುಖ ಗಂಟಾಯಿತು. "ರೈಟರ್ ಅಂತ ಯಾಕೆ ಬರೀತೀಯಾ? ಮ್ಯಾನೇಜರ್ ಅಂತ ಹಾಕು ಮಾರಾಯ." ನಾನು ಬದಲಿಸಲಿಲ್ಲ. ಮೊನ್ನೆ ಅವರ ಮನೆಗೆ ಹೋದಾಗ ಅವರ ಪ್ರತಿ ಮೇಜಿನ ಮೇಲಿತ್ತು. 'ರೈಟರ್' ಅನ್ನುವುದರ ಮೇಲೆ ಪೆನ್ನಿನಲ್ಲಿ ಒಂದು ಗೆರೆ, ಪಕ್ಕದಲ್ಲಿ 'ಮ್ಯಾನೇಜರ್'.