ನಾಲೆ ಬಯಲಿನ ಗದ್ದೆಗೆ ಕಾರ್ಬನ್ ಕ್ರೆಡಿಟ್: ಸಹಿಗೆ ಮೊದಲು ಲೆಕ್ಕ

ಪಹಣಿ ಮತ್ತು ಆಧಾರ್ ಪ್ರತಿ ಕೊಟ್ಟರೆ ಭತ್ತದ ಗದ್ದೆಗೆ ‘ಕಾರ್ಬನ್ ದುಡ್ಡು’ ಬರುತ್ತದೆ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದು ಹೇಳಿದರೆ, ಮಂಡ್ಯದ ರೈತರು ಅದನ್ನು ಕೂಡಲೇ ನಂಬಬೇಕಾಗಿಯೂ ಇಲ್ಲ, ತಳ್ಳಿಹಾಕಬೇಕಾಗಿಯೂ ಇಲ್ಲ. ಆ ದುಡ್ಡು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಂಡರೆ ಸಾಕು.

ಒಂದು ಕ್ರೆಡಿಟ್ ಎಂದರೆ ವಾತಾವರಣಕ್ಕೆ ಸೇರದಂತೆ ತಡೆದ, ಇಲ್ಲವೇ ಅದರಿಂದ ಹೀರಿಕೊಂಡ ಒಂದು ಟನ್ ಇಂಗಾಲದ ಡೈಆಕ್ಸೈಡ್ ಅಥವಾ ಅದಕ್ಕೆ ಸಮನಾದ ಬೇರೆ ಅನಿಲ. ಇದಕ್ಕೆ ಎರಡು ಬಗೆಯ ಮಾರುಕಟ್ಟೆಗಳಿವೆ. ಮೊದಲನೆಯದು ಕಾನೂನಿನ ಕಟ್ಟುಪಾಡಿನದು. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆಯ ಆಧಾರದಲ್ಲಿ ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ ಯೋಜನೆಯಂತೆ ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮೊದಲಾದ ಉದ್ಯಮಗಳಿಗೆ ಹೊರಸೂಸುವಿಕೆಯ ಗುರಿ ನಿಗದಿಯಾಗುತ್ತದೆ. ಗುರಿಗಿಂತ ಚೆನ್ನಾಗಿ ನಡೆದುಕೊಂಡ ಕಾರ್ಖಾನೆ ತನಗೆ ದೊರೆತ ಕ್ರೆಡಿಟ್ ಮಾರುತ್ತದೆ, ಹಿಂದೆ ಬಿದ್ದದ್ದು ಕೊಳ್ಳುತ್ತದೆ. ಎರಡನೆಯದು ಸ್ವಯಂಪ್ರೇರಿತ ಮಾರುಕಟ್ಟೆ. ಕಂಪನಿಗಳು ತಮ್ಮ ಹೆಸರಿಗಾಗಿ ಇಲ್ಲಿ ಕೊಳ್ಳುತ್ತವೆ. ವೆರಾ, ಗೋಲ್ಡ್ ಸ್ಟ್ಯಾಂಡರ್ಡ್‌ನಂತಹ ಸಂಸ್ಥೆಗಳು ಕ್ರೆಡಿಟ್‌ಗಳನ್ನು ನೋಂದಾಯಿಸುತ್ತವೆ. ಷೇರು ಕೊಂಡು ಮಾರಿದಂತೆ ಮನೆಯಲ್ಲಿ ಕುಳಿತು ಇವುಗಳ ವ್ಯಾಪಾರದಿಂದ ಲಾಭ ಮಾಡುವ ಆಸೆಯನ್ನು ಸಾಮಾನ್ಯ ಓದುಗರು ಬಿಡುವುದೇ ಒಳ್ಳೆಯದು. ಜಮೀನಿದ್ದವರ ಮಾತು ಬೇರೆ.

ಗದ್ದೆಯಲ್ಲಿ ನೀರು ನಿಂತಿರುವಷ್ಟು ಕಾಲ ಮಣ್ಣಿಗೆ ಗಾಳಿ ಸಿಗದೆ, ಅಲ್ಲಿನ ಸೂಕ್ಷ್ಮಜೀವಿಗಳು ಮಿಥೇನ್ ಉಂಟುಮಾಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಮಿಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಆದ್ದರಿಂದ ಗದ್ದೆಯನ್ನು ಆಗಾಗ ಒಣಗಿಸುವುದೇ ಇಲ್ಲಿ ಕ್ರೆಡಿಟ್‌ನ ಮೂಲ. ಕೆಳಭಾಗಕ್ಕೆ ತೂತು ಕೊರೆದ ಒಂದಡಿ ಉದ್ದದ ಪಿವಿಸಿ ಕೊಳವೆಯನ್ನು ಗದ್ದೆಯಲ್ಲಿ ಹೂಳಬೇಕು. ನಾಟಿಯಾಗಿ ಬೇರು ಹಿಡಿಯುವವರೆಗೆ ಎಂದಿನಂತೆ ನೀರು ನಿಲ್ಲಿಸಿ, ಆನಂತರ ಕೊಳವೆಯೊಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ಮತ್ತೆ ಹಾಯಿಸಬೇಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಒಣಗಲು ಬಿಡಬಾರದು. ಹೀಗೆ ಎಚ್ಚರದಿಂದ ಮಾಡಿದರೆ ಸಾಮಾನ್ಯವಾಗಿ ಇಳುವರಿ ಕುಗ್ಗುವುದಿಲ್ಲ.

ಕಾಗದದ ಮೇಲೆ ಇದು ಸುಲಭ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಅಷ್ಟು ಸುಲಭವಲ್ಲ. ಒಂದೇ ತೂಬಿನ ನೀರು ಗದ್ದೆಯಿಂದ ಗದ್ದೆಗೆ ಇಳಿಯುವಲ್ಲಿ ಮೇಲಿನವರು ನೀರು ಬಿಟ್ಟರೆ ಕೆಳಗಿನವರು ತಮ್ಮ ಗದ್ದೆಯನ್ನು ಒಣಗಿಸುವುದಾದರೂ ಹೇಗೆ? ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬರುವಾಗ ಬೇಕೆಂದಾಗ ಮತ್ತೆ ಹಾಯಿಸುವುದೂ ನಮ್ಮ ಕೈಯಲ್ಲಿರುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಯೋಜನೆ ಇಲ್ಲದಿದ್ದರೂ ಆಗುತ್ತಿದ್ದ ಉಳಿತಾಯಕ್ಕೆ ಕ್ರೆಡಿಟ್ ಸಿಗುವುದಿಲ್ಲವಾದ್ದರಿಂದ, ಕಟ್ಟಿನ ಕಾರಣಕ್ಕೆ ತಾನಾಗಿ ಒಣಗುತ್ತಿದ್ದ ಅಥವಾ ನೋಂದಣಿಗೆ ಮೊದಲೇ ರೈತರು ಒಣಗಿಸುತ್ತಿದ್ದ ಗದ್ದೆಯ ಲೆಕ್ಕವನ್ನು ಪರಿಶೀಲಕರು ಪ್ರಶ್ನಿಸಬಹುದು. ಮೊದಲಿನಿಂದ ನೀರು ಉಳಿಸಿದವರಿಗೆ ಇದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ.

ಇನ್ನು ಹಣದ ವಿಚಾರ. ಲೆಕ್ಕದ ಅನುಕೂಲಕ್ಕಾಗಿ ಒಂದು ಬೆಳೆಗೆ ಹೆಕ್ಟೇರಿಗೆ 2 ಟನ್ ಉಳಿತಾಯ, ಕ್ರೆಡಿಟ್‌ಗೆ 800 ರೂಪಾಯಿ ಬೆಲೆ ಎಂದಿಟ್ಟುಕೊಳ್ಳೋಣ. ಒಂದು ಎಕರೆಗೆ 0.8 ಟನ್, ಅಂದರೆ 640 ರೂಪಾಯಿ. ಅಳತೆ, ದಾಖಲೆ, ಪರಿಶೀಲನೆಯ ಖರ್ಚೆಂದು ಯೋಜನೆ ನಡೆಸುವವರು ಅರ್ಧ ಹಿಡಿದರೆ ರೈತರ ಕೈಗೆ 320. ಅದೂ ಬೆಳೆ ಮುಗಿದ ಕೂಡಲೇ ಅಲ್ಲ, ಪರಿಶೀಲನೆ ಮುಗಿದು ಕ್ರೆಡಿಟ್ ಮಾರಾಟವಾದ ಮೇಲೆ. ಎರಡೆಕರೆಯವರು ಒಂಟಿಯಾಗಿ ಪರಿಶೀಲನೆಯ ಖರ್ಚು ಹೊರಲಾಗದು. ಹಾಗಾಗಿ ಒಂದು ತೂಬಿನ ರೈತರೆಲ್ಲ ರೈತ ಉತ್ಪಾದಕ ಸಂಸ್ಥೆಯ ಮೂಲಕ ಒಟ್ಟಾಗಿ ಮಾತಿಗೆ ಕೂರುವುದೇ ಸರಿಯಾದ ದಾರಿ. ಪಂಪ್‌ಸೆಟ್ ಇರುವವರಿಗೆ ನೀರಿನ ಉಳಿತಾಯವೇ ಕ್ರೆಡಿಟ್‌ಗಿಂತ ದೊಡ್ಡ ಲಾಭವಾದೀತು.

ಮೈಸೂರಿನ ಬಡಾವಣೆಗಳಲ್ಲಿ ಚಾವಣಿಗೆ ಸೌರಫಲಕ ಹಾಕಿಸಿದವರ ಲೆಕ್ಕವೂ ಇದೇ. 3 ಕಿಲೋವ್ಯಾಟ್‌ನ ಘಟಕ ವರ್ಷಕ್ಕೆ ಸುಮಾರು 4,000 ಯೂನಿಟ್ ಕೊಟ್ಟರೆ, ಉಳಿಯುವುದು ಮೂರು ಟನ್ ಇಂಗಾಲದ ಡೈಆಕ್ಸೈಡ್‌ಗಿಂತ ಕಡಿಮೆ. ಒಂದು ಮನೆಯ ಮಟ್ಟಿಗೆ ಅದರ ನೋಂದಣಿಯ ಖರ್ಚೂ ಹುಟ್ಟುವುದಿಲ್ಲ.

ಒಪ್ಪಂದಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆದು ಓದಬೇಕು. ರೈತರ ಪಾಲು ಒಟ್ಟು ಮಾರಾಟದ ಮೇಲೆಯೋ, ಖರ್ಚು ಕಳೆದ ಮೇಲೆಯೋ? ಎಷ್ಟು ವರ್ಷದ ಬದ್ಧತೆ? ಮರ ಬೆಳೆಸುವ ಯೋಜನೆಗಳಲ್ಲಿ ಅದು ದಶಕಗಳವರೆಗೆ ಇರುವುದರಿಂದ, ನಡುವೆ ಮರ ಕಡಿದರೆ ಅಥವಾ ಜಮೀನು ಮಾರಿದರೆ ಏನಾಗುತ್ತದೆ ಎಂಬುದು ಬರವಣಿಗೆಯಲ್ಲೇ ಇರಬೇಕು. ಮುಂಗಡವಾಗಿ ನೋಂದಣಿ ಶುಲ್ಕ ಕೇಳುವವರಿಗೆ ಹಣ ಕೊಡಬಾರದು. ಒಂದೇ ಸರ್ವೆ ನಂಬರನ್ನು ಎರಡು ಯೋಜನೆಗಳಿಗೆ ಬರೆದುಕೊಡಲೂ ಬಾರದು. ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿನ ಮೇಲೆ, ಬೇರೆಯವರಿಗೆ ಕೊಟ್ಟಿದ್ದರೆ, ಪಹಣಿಯಲ್ಲಿ ಹೆಸರಿರುವವರು ಒಬ್ಬರು, ಕೊಳವೆ ನೋಡಿ ನೀರು ಕಟ್ಟುವವರು ಇನ್ನೊಬ್ಬರು. ಕ್ರೆಡಿಟ್‌ನ ಹಣ ಇಬ್ಬರಲ್ಲಿ ಹೇಗೆ ಹಂಚಿಕೆಯಾಗಬೇಕೆಂಬುದನ್ನು ನಾಟಿಗೆ ಮೊದಲೇ ಮಾತಾಡಿ ಬರೆದಿಡಬೇಕು.